ನಗರದಲ್ಲಿ ಮಳಿಗೆಯ ಬಾಡಿಗೆ: ಅಳತೆ, ಲೆಕ್ಕ, ಕರಾರು

ನಮ್ಮ ಕಡೆಯ ಸಂತೆಯಲ್ಲಿ ತರಕಾರಿಯನ್ನು ಹರಡಿ ಕುಳಿತ ವ್ಯಾಪಾರಿಯು ಅಂದಿನ ಸುಂಕವನ್ನು ತೆತ್ತು, ಹೊತ್ತು ಮುಳುಗುವಾಗ ಗೋಣಿತಾಟನ್ನು ಮಡಿಚಿಕೊಂಡು ಮನೆಗೆ ಹೊರಡುವನು. ಆ ನೆಲಕ್ಕೂ ಅವನಿಗೂ ಇದ್ದ ಸಂಬಂಧವು ಅಲ್ಲಿಗೆ ಮುಗಿಯಿತು. ದೊಡ್ಡ ನಗರದಲ್ಲಿ ಮಳಿಗೆಯನ್ನೋ ಕಚೇರಿಯ ಕೊಠಡಿಯನ್ನೋ ಬಾಡಿಗೆಗೆ ಹಿಡಿದವನ ಸಂಬಂಧವು ಹೀಗೆ ಒಂದು ದಿನಕ್ಕೆ ಮುಗಿಯತಕ್ಕದ್ದಲ್ಲ. ಅದು ಹಲವು ವರ್ಷ ನಡೆಯುವಂಥದು. ಮೊದಲೇ ದೊಡ್ಡ ಮೊತ್ತವನ್ನು ಬೇಡುವಂಥದು. ಮುರಿದುಬಿದ್ದರೆ ನ್ಯಾಯಾಲಯದ ಮೆಟ್ಟಿಲನ್ನು ಹತ್ತಿಸುವಂಥದು.

ರಾಯಕೋಟೆಯಿಂದ ಕೆಲಮಂಗಲ, ಹೊಸೂರು, ಅತ್ತಿಬೆಲೆಗಳನ್ನು ದಾಟಿದರೆ ಬೆಂಗಳೂರು. ನಮ್ಮ ಶಾಲೆಯಲ್ಲಿ ಓದಿದ ಮಕ್ಕಳಲ್ಲಿ ಅನೇಕರು ಮುಂದೆ ಆ ದಾರಿಯನ್ನು ಹಿಡಿಯುವರು. ಕೆಲವರು ಸಂಬಳದ ಕೆಲಸಕ್ಕೆ ಸೇರಿದರೆ, ಕೆಲವರು ತರಕಾರಿಯ ವ್ಯಾಪಾರ, ಹೊಲಿಗೆ, ಮುದ್ರಣ, ಲೆಕ್ಕಪತ್ರ ಬರೆಯುವ ಕಚೇರಿ ಮೊದಲಾದ ಸ್ವಂತ ಉದ್ಯೋಗಕ್ಕೆ ಕೈಹಾಕುವರು. ಅದಕ್ಕೆ ಬೇಕಾದ ಬಂಡವಾಳವು ಬಹುಮಟ್ಟಿಗೆ ಮನೆಯಿಂದಲೇ ಹೊರಡುವುದು; ತಂದೆಯ ಹೊಲವೋ ತಾಯಿಯ ಒಡವೆಯೋ ಅಡವಿಗೆ ಹೋಗುವುದು. ಆದುದರಿಂದ ನಗರದ ಬಾಡಿಗೆಯ ವಿಷಯವು ಹಳ್ಳಿಯ ಮನೆಗೂ ಸಂಬಂಧಿಸಿದ್ದೇ ಆಗಿದೆ. ಬಾಯಲ್ಲಿ ಹೇಳಿದ ಅಂಕಿ ಬಾಡಿಗೆಯಲ್ಲ. ಅಳತೆ, ಮುಂಗಡ, ಅವಧಿ, ಕಾಗದ ಇವು ನಾಲ್ಕೂ ಸೇರಿ ನಿಜವಾದ ಬಾಡಿಗೆಯನ್ನು ನಿರ್ಣಯಿಸುತ್ತವೆ. ಇದನ್ನೇ ಈ ಪಾಠದಲ್ಲಿ ಕ್ರಮವಾಗಿ ವಿವರಿಸುವೆವು.

೧. ಬಾಡಿಗೆ ಎಲ್ಲೆಡೆ ಒಂದೇ ಏಕಲ್ಲ?

ಹೊಲದ ಬೆಲೆಯನ್ನು ಮಣ್ಣಿನ ಗುಣವೂ ನೀರೂ ನಿರ್ಣಯಿಸುವಂತೆ, ಮಳಿಗೆಯ ಬಾಡಿಗೆಯನ್ನು ಅಲ್ಲಿಗೆ ಬರುವ ಜನರೂ ದಾರಿಯೂ ನಿರ್ಣಯಿಸುತ್ತವೆ. ಬೆಂಗಳೂರಿನ ಚಿಕ್ಕಪೇಟೆಯ ಬೀದಿಗಳು ಕಿರಿದು, ಕಟ್ಟಡಗಳು ಹಳೆಯವು. ಆದರೂ ಅಲ್ಲಿ ಒಂದು ಅಂಗಣದಷ್ಟು ಜಾಗಕ್ಕೂ ಬೇಡಿಕೆ ಹೆಚ್ಚು. ಬಟ್ಟೆಯ ಸಗಟು ವ್ಯಾಪಾರವೆಲ್ಲ ಒಂದೆಡೆ ನೆರೆದಿರುವುದರಿಂದ, ಕೊಳ್ಳುವವನು ನೇರವಾಗಿ ಅಲ್ಲಿಗೇ ಬರುವನು. ಇನ್ನೊಂದೆಡೆ, ಹೊಸೂರು ರಸ್ತೆಯಲ್ಲಿರುವ ಎಲೆಕ್ಟ್ರಾನಿಕ್ ಸಿಟಿಯನ್ನು ನೋಡಿರಿ. ಕರ್ನಾಟಕ ಸರ್ಕಾರದ ಕಿಯೋನಿಕ್ಸ್ ಸಂಸ್ಥೆಯು ೧೯೭೦ರ ದಶಕದ ಕೊನೆಯಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ಬಳಿ ಇದಕ್ಕೆ ಅಡಿಗಲ್ಲಾಯಿತು. ೨೦೧೦ರಲ್ಲಿ ಸಿಲ್ಕ್ ಬೋರ್ಡಿನಿಂದ ಅಲ್ಲಿಗೆ ಮೇಲ್ಸೇತುವೆಯ ರಸ್ತೆ ತೆರೆಯಿತು. ೨೦೨೫ರ ಆಗಸ್ಟಿನಲ್ಲಿ ರಾಷ್ಟ್ರೀಯ ವಿದ್ಯಾಲಯ ರಸ್ತೆಯಿಂದ ಬೊಮ್ಮಸಂದ್ರದವರೆಗೆ ಹಳದಿ ಮಾರ್ಗದ ಮೆಟ್ರೋ ರೈಲು ಓಡತೊಡಗಿತು. ದಾರಿಯು ಸುಗಮವಾದಂತೆಲ್ಲ ಕಚೇರಿಗಳೂ, ಅವುಗಳಲ್ಲಿ ದುಡಿಯುವವರಿಗಾಗಿ ಅಂಗಡಿಗಳೂ ಬಂದುವು. ಅವುಗಳೊಡನೆ ಬಾಡಿಗೆಯೂ ಏರಿತು.

ಒಂದೇ ಕಟ್ಟಡದಲ್ಲಿಯೂ ಬಾಡಿಗೆ ಒಂದೇ ಸಮನಾಗಿರುವುದಿಲ್ಲ. ರಸ್ತೆಗೆ ಮುಖವಾದ ನೆಲಮಹಡಿಗೆ ಹೆಚ್ಚು. ಮೇಲಿನ ಮಹಡಿಗೂ ಒಳಭಾಗಕ್ಕೂ ಕಡಮೆ. ಆದುದರಿಂದ ಜಾಗವನ್ನು ಹುಡುಕುವುದಕ್ಕೆ ಮುಂಚೆ, "ನಮ್ಮ ಕಸುಬಿಗೆ ದಾರಿಹೋಕರು ಬೇಕೆ?" ಎಂದು ತಮ್ಮನ್ನು ತಾವೇ ಕೇಳಿಕೊಳ್ಳತಕ್ಕದ್ದು. ಹಣ್ಣಿನ ಅಂಗಡಿಗೆ ಬೇಕು. ಸಗಟು ಅಂಗಡಿಗಳಿಗೆ ಬಟ್ಟೆ ಹೊಲಿದುಕೊಡುವವನಿಗೂ, ಲೆಕ್ಕಪತ್ರ ಬರೆಯುವವನಿಗೂ ಬೇಡ. ಬೇಡದ ಮುಂಭಾಗಕ್ಕೆ ಪ್ರತಿ ತಿಂಗಳೂ ಹಣ ಕೊಡುವುದು ವ್ಯರ್ಥ. ಹಾಸಿಗೆ ಇದ್ದಷ್ಟು ಕಾಲು ಚಾಚೆಂಬ ಹಿರಿಯರ ಮಾತು ಇಲ್ಲಿಯೂ ಸಲ್ಲುವುದು.

೨. ಅಳತೆ

ನಗರದಲ್ಲಿ ಬಾಡಿಗೆಯನ್ನು ಚದರ ಅಡಿಗೆ ಇಷ್ಟೆಂದು ಹೇಳುವುದು ವಾಡಿಕೆ. ಆದರೆ ಯಾವ ಚದರ ಅಡಿ? ಇಲ್ಲಿಯೇ ಮೊದಲನೆಯ ತೊಡಕು. ಗೋಡೆಗಳ ಒಳಗೆ ನಾವು ನಿಜವಾಗಿ ಬಳಸುವ ನೆಲವನ್ನು ಕಾರ್ಪೆಟ್ ವಿಸ್ತೀರ್ಣವೆನ್ನುವರು. ಗೋಡೆಗಳ ದಪ್ಪವೂ ಸೇರಿದರೆ ಅದು ಬಿಲ್ಟ್ ಅಪ್ ವಿಸ್ತೀರ್ಣ. ಮೆಟ್ಟಿಲು, ಲಿಫ್ಟ್, ಪಡಸಾಲೆ ಮುಂತಾದ ಎಲ್ಲರೂ ಬಳಸುವ ಜಾಗದಲ್ಲಿ ಒಂದು ಪಾಲನ್ನೂ ಕೂಡಿಸಿದರೆ ಸೂಪರ್ ಬಿಲ್ಟ್ ಅಪ್ ವಿಸ್ತೀರ್ಣವಾಗುವುದು. ಮನೆಗಳ ಮಾರಾಟದಲ್ಲಿ ಈ ಗೊಂದಲವನ್ನು ತಪ್ಪಿಸಲೆಂದೇ ೨೦೧೬ರ ಸ್ಥಿರಾಸ್ತಿ ನಿಯಂತ್ರಣ ಕಾಯಿದೆಯು ಕಾರ್ಪೆಟ್ ವಿಸ್ತೀರ್ಣವೆಂದರೆ ಏನೆಂದು ವಿವರಿಸಿತು. ಬಾಡಿಗೆಗೆ ಹಿಡಿಯುವವನೂ ಆ ಅಳತೆಯನ್ನೇ ಕೇಳುವುದು ಕ್ಷೇಮ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುವುದು. ಒಬ್ಬ ತರುಣನು ಎರಡು ಮಳಿಗೆಗಳನ್ನು ನೋಡಿದನೆಂದಿಟ್ಟುಕೊಳ್ಳೋಣ. ಮೊದಲನೆಯದಕ್ಕೆ ಚದರ ಅಡಿಗೆ ೬೦ ರೂಪಾಯಿ. ಮಾಲೀಕನು ಹೇಳುವ ಸೂಪರ್ ಬಿಲ್ಟ್ ಅಪ್ ಅಳತೆ ೪೦೦ ಚದರ ಅಡಿ. ತಿಂಗಳಿಗೆ ೨೪,೦೦೦ ರೂಪಾಯಿ. ಟೇಪು ಹಿಡಿದು ಒಳಗೆ ಅಳೆದರೆ ದೊರೆತದ್ದು ೨೮೦ ಚದರ ಅಡಿ. ಎರಡನೆಯದಕ್ಕೆ ಚದರ ಅಡಿಗೆ ೮೦ ರೂಪಾಯಿ. ಆದರೆ ಅದು ಕಾರ್ಪೆಟ್ ಅಳತೆಯ ಮೇಲೆ. ಒಳಗೆ ಅಷ್ಟೇ ೨೮೦ ಚದರ ಅಡಿ; ಬಾಡಿಗೆ ೨೨,೪೦೦ ರೂಪಾಯಿ. ಅರುವತ್ತೆಂಬುದು ಕಿವಿಗೆ ಅಗ್ಗ, ಕೈಗೆ ದುಬಾರಿ. ಬಳಸುವ ನೆಲದಿಂದ ಭಾಗಿಸಿದರೆ ಮೊದಲನೆಯ ಮಳಿಗೆಯ ದರವು ಚದರ ಅಡಿಗೆ ಸುಮಾರು ೮೫ ರೂಪಾಯಿ ೭೧ ಪೈಸೆ. ಹೀಗೆ ಆರನೆಯ ತರಗತಿಯ ಭಾಗಾಕಾರವು ತಿಂಗಳಿಗೆ ೧,೬೦೦ ರೂಪಾಯಿಯನ್ನು ಉಳಿಸಿಕೊಟ್ಟಿತು.

೩. ಮುಂಗಡ

ಬೆಂಗಳೂರಿನಲ್ಲಿ ಹಲವು ತಿಂಗಳ ಬಾಡಿಗೆಯನ್ನು, ಎಷ್ಟೋ ಕಡೆ ಹತ್ತು ತಿಂಗಳಿನದನ್ನು, ಮುಂಗಡವಾಗಿ ಇಡಿಸಿಕೊಳ್ಳುವ ರೂಢಿ ಬಹುಕಾಲದಿಂದ ಉಂಟು. ಇದಕ್ಕೆ ಸಾಮಾನ್ಯವಾಗಿ ಬಡ್ಡಿ ಇಲ್ಲ. ಬಿಟ್ಟು ಹೋಗುವಾಗ ಬಾಕಿಯನ್ನು ಕಳೆದು ಹಿಂದಿರುಗಿಸಬೇಕು. ಮೇಲಿನ ಎರಡನೆಯ ಮಳಿಗೆಗೆ ಹತ್ತು ತಿಂಗಳ ಮುಂಗಡವೆಂದರೆ ೨,೨೪,೦೦೦ ರೂಪಾಯಿ. ಅದೇ ಹಣವು ಬ್ಯಾಂಕಿನಲ್ಲಿ ನೂರಕ್ಕೆ ಆರರ ಬಡ್ಡಿಗೆ ಇದ್ದಿದ್ದರೆ ವರ್ಷಕ್ಕೆ ೧೩,೪೪೦, ತಿಂಗಳಿಗೆ ೧,೧೨೦ ರೂಪಾಯಿ ಬರುತ್ತಿತ್ತು. ಆದುದರಿಂದ ನಿಜವಾದ ಬಾಡಿಗೆ ೨೨,೪೦೦ ಅಲ್ಲ, ೨೩,೫೨೦. ಒಡವೆಯನ್ನು ಅಡವಿಟ್ಟು ತಂದ ಹಣವಾದರೆ ಅಡವಿನ ಬಡ್ಡಿಯನ್ನೇ ಲೆಕ್ಕಕ್ಕೆ ಹಿಡಿಯಬೇಕು. ಆಗ ಹೊರೆಯು ಇನ್ನೂ ಹೆಚ್ಚು.

"ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ" ಎಂಬ ಗಾದೆಯು ಮುಂಗಡದ ವಿಷಯದಲ್ಲಿ ಹಲವು ಸಲ ನಿಜವಾಗುವುದು. ಅದರಿಂದ ಪಾರಾಗಲು ಮೂರು ಎಚ್ಚರಿಕೆಗಳು ಸಾಕು. ಹಣವನ್ನು ಬ್ಯಾಂಕಿನ ಮೂಲಕವೇ ಕೊಡಬೇಕು. ಮೊತ್ತವನ್ನು ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಕರಾರಿನಲ್ಲಿ ಬರೆಸಬೇಕು. ಜಾಗವನ್ನು ಬಿಟ್ಟ ಎಷ್ಟು ದಿನದೊಳಗೆ, ಯಾವ ಯಾವ ಬಾಬನ್ನು ಮಾತ್ರ ಕಳೆದು ಅದನ್ನು ಹಿಂದಿರುಗಿಸಬೇಕೆಂಬುದನ್ನೂ ಬರೆಸಬೇಕು. ಒಳಗೆ ಹೋದ ದಿನವೇ ಗೋಡೆ, ನೆಲ, ದೀಪ, ಬಾಗಿಲುಗಳ ಚಿತ್ರಗಳನ್ನು ತೆಗೆದಿಟ್ಟುಕೊಂಡರೆ, "ನೀನು ಕೆಡಿಸಿದೆ" ಎಂಬ ಮಾತಿಗೆ ಉತ್ತರವು ಕೈಯಲ್ಲಿರುವುದು.

ಇಲ್ಲಿ ಒಂದು ಪದದ ಗೊಂದಲವನ್ನೂ ತಿಳಿಸಬೇಕಾಗಿದೆ. ಬೆಂಗಳೂರಿನ ಜನರ ಮಾತಿನಲ್ಲಿ "ಲೀಸಿಗೆ" ಅಥವಾ "ಭೋಗ್ಯಕ್ಕೆ" ಎಂದರೆ ದೊಡ್ಡ ಮೊತ್ತವನ್ನು ಒಮ್ಮೆಗೇ ಕೊಟ್ಟು, ತಿಂಗಳ ಬಾಡಿಗೆ ಇಲ್ಲದೆ ಇರುವುದು. ನಮ್ಮ ಕಡೆ ಇದನ್ನು ಒತ್ತಿ ಎಂದೂ ಕರೆಯುವರು. ಕಾಯಿದೆಯ ಭಾಷೆಯಲ್ಲಾದರೋ ತಿಂಗಳ ಬಾಡಿಗೆಯ ಕರಾರೂ ಲೀಸೇ. ಎದುರಿನವನು ಯಾವ ಅರ್ಥದಲ್ಲಿ ಹೇಳುತ್ತಿದ್ದಾನೆಂದು ಕೇಳಿ ತಿಳಿದುಕೊಳ್ಳದೆ ಒಪ್ಪಕೂಡದು.

೪. ಅವಧಿ ಮತ್ತು ಏರಿಕೆ

ಬಾಡಿಗೆಯು ಕಾಲಕ್ಕೆ ತಕ್ಕಂತೆ ಏರುವುದು ಸಹಜ. ಏರುವ ಕ್ರಮವನ್ನು ಮೊದಲೇ ಬರೆದಿಡುವುದು ಇಬ್ಬರಿಗೂ ಒಳ್ಳೆಯದು. ವರ್ಷಕ್ಕೆ ನೂರಕ್ಕೆ ೫ರಂತೆ ಏರುವುದು ಒಂದು ರೂಢಿ. ಮೂರು ವರ್ಷಕ್ಕೊಮ್ಮೆ ನೂರಕ್ಕೆ ೧೫ರಂತೆ ಏರುವುದು ಇನ್ನೊಂದು. ಮೂರೈದಲೆ ಹದಿನೈದು, ಎರಡೂ ಒಂದೇ ಎಂದು ತೋರಬಹುದು. ಹಾಗಲ್ಲ. ೨೦,೦೦೦ ರೂಪಾಯಿ ಬಾಡಿಗೆಯ ಮಳಿಗೆಗೆ ಮೊದಲನೆಯ ಕ್ರಮದಲ್ಲಿ ಎರಡನೆಯ ವರ್ಷ ೨೧,೦೦೦, ಮೂರನೆಯ ವರ್ಷ ೨೨,೦೫೦, ನಾಲ್ಕನೆಯ ವರ್ಷ ೨೩,೧೫೨ ರೂಪಾಯಿ ೫೦ ಪೈಸೆ, ಐದನೆಯ ವರ್ಷ ಸುಮಾರು ೨೪,೩೧೦ ರೂಪಾಯಿ ಆಗುವುದು. ಐದು ವರ್ಷದ ಒಟ್ಟು ಸುಮಾರು ೧೩,೨೬,೧೫೦ ರೂಪಾಯಿ. ಎರಡನೆಯ ಕ್ರಮದಲ್ಲಿ ಮೂರು ವರ್ಷ ೨೦,೦೦೦, ಮುಂದಿನ ಎರಡು ವರ್ಷ ೨೩,೦೦೦. ಒಟ್ಟು ೧೨,೭೨,೦೦೦ ರೂಪಾಯಿ. ಐವತ್ತನಾಲ್ಕು ಸಾವಿರಕ್ಕೂ ಮೀರಿದ ಅಂತರವು ಒಂದು ಸಾಲಿನಲ್ಲಿ ಅಡಗಿದೆ.

ಅವಧಿಗೆ ಸಂಬಂಧಿಸಿದ ಮತ್ತೊಂದು ಷರತ್ತನ್ನು ಲಾಕ್ ಇನ್ ಎನ್ನುವರು. ಇಷ್ಟು ಕಾಲ ಜಾಗವನ್ನು ಬಿಡಕೂಡದೆಂಬುದೇ ಇದರ ಅರ್ಥ. ಮೂರು ವರ್ಷದ ಲಾಕ್ ಇನ್ ಒಪ್ಪಿದವನ ವ್ಯಾಪಾರವು ಒಂದೇ ವರ್ಷದಲ್ಲಿ ಕೆಟ್ಟರೆ, ಉಳಿದ ಎರಡು ವರ್ಷದ ಬಾಡಿಗೆಯನ್ನೂ ಕೇಳಲು ಮಾಲೀಕನು ಬರೆಸಿಕೊಂಡಿರಬಹುದು. ಹೊಸದಾಗಿ ವ್ಯಾಪಾರಕ್ಕೆ ಇಳಿಯುವವನಿಗೆ ಇದೇ ಎಲ್ಲಕ್ಕಿಂತ ಅಪಾಯಕರವಾದ ಸಾಲು. ಇದನ್ನು ಆರು ತಿಂಗಳಿಗೋ ಒಂದು ವರ್ಷಕ್ಕೋ ಇಳಿಸುವಂತೆ ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ. ಇದಲ್ಲದೆ ಒಳಗಿನ ಮರಗೆಲಸ, ವಿದ್ಯುತ್ ಕೆಲಸಗಳು ಮುಗಿಯುವವರೆಗೆ ಕೆಲವು ವಾರ ಬಾಡಿಗೆಯನ್ನು ಬಿಡುವಂತೆಯೂ ಕೇಳಬಹುದು. ಒಪ್ಪುವ ಮಾಲೀಕರು ಉಂಟು.

೫. ಕಾಗದ

ಹನ್ನೊಂದು ತಿಂಗಳ ಕರಾರೆಂಬುದನ್ನು ನಾವೆಲ್ಲರೂ ಕೇಳಿದ್ದೇವೆ. ಹನ್ನೆರಡಲ್ಲದೆ ಹನ್ನೊಂದೇ ಏಕೆ? ೧೮೮೨ರ ಸ್ವತ್ತು ವರ್ಗಾವಣೆ ಕಾಯಿದೆ ಮತ್ತು ೧೯೦೮ರ ನೋಂದಣಿ ಕಾಯಿದೆಗಳ ಪ್ರಕಾರ, ಒಂದು ವರ್ಷವನ್ನು ಮೀರಿದ ಲೀಸನ್ನು ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಆ ಖರ್ಚನ್ನೂ ಓಡಾಟವನ್ನೂ ತಪ್ಪಿಸಲು ಹನ್ನೊಂದು ತಿಂಗಳ ಕರಾರು ಬಳಕೆಗೆ ಬಂದಿತು. ಆದರೆ ಐದು ವರ್ಷ ನಡೆಸಬೇಕೆಂದು ಮರಗೆಲಸಕ್ಕೆ ಲಕ್ಷಗಟ್ಟಲೆ ಸುರಿಯುವವನಿಗೆ ಹನ್ನೊಂದು ತಿಂಗಳ ಕಾಗದವು ಭದ್ರವಾದ ಆಸರೆಯಲ್ಲ. ಐದು ವರ್ಷವೆಂದು ಬರೆದೂ ನೋಂದಾಯಿಸದಿದ್ದರೆ, ಆ ಐದು ವರ್ಷದ ಷರತ್ತನ್ನು ನ್ಯಾಯಾಲಯದಲ್ಲಿ ಸಾಧಿಸುವಂತಿಲ್ಲ. ಕಾಯಿದೆಯ ಕಣ್ಣಿನಲ್ಲಿ ಅದು ತಿಂಗಳ ತಿಂಗಳ ಬಾಡಿಗೆಯಾಗಿಬಿಡುವುದು. ಅಂಗಡಿಯಂಥ ಜಾಗವನ್ನು ೧೫ ದಿನಗಳ ನೋಟೀಸಿನಿಂದ ಬಿಡಿಸಬಹುದು. ಹೀಗೆ ನೋಂದಣಿಯ ಖರ್ಚನ್ನು ಉಳಿಸಿದವನು ಅಂಗಡಿಯನ್ನೇ ಕಳೆದುಕೊಳ್ಳುವ ಸಂಭವವುಂಟು. ತಕ್ಕ ಮೌಲ್ಯದ ಛಾಪಾ ಕಾಗದವೂ ಅಷ್ಟೇ ಅವಶ್ಯ. ಮುದ್ರಾಂಕ ಶುಲ್ಕವು ಕಡಮೆಯಾಗಿರುವ ಪತ್ರವನ್ನು ದಂಡ ಸಹಿತ ಶುಲ್ಕ ಕಟ್ಟುವವರೆಗೆ ನ್ಯಾಯಾಲಯವು ಸಾಕ್ಷ್ಯವಾಗಿ ಸ್ವೀಕರಿಸುವುದಿಲ್ಲ.

ಕರಾರಿನಲ್ಲಿ ಏನನ್ನೂ ಬರೆಯದ ಕಡೆ ೧೮೮೨ರ ಕಾಯಿದೆಯೇ ಮಾತನಾಡುವುದು. ಮಾಲೀಕನು ತನಗೆ ತಿಳಿದ, ಹೊರನೋಟಕ್ಕೆ ಕಾಣದ ಮುಖ್ಯ ದೋಷಗಳನ್ನು ಮೊದಲೇ ಹೇಳಬೇಕು. ತಾನು ಮಾಡಿಸಬೇಕಾದ ದುರಸ್ತಿಯನ್ನು, ತಿಳುವಳಿಕೆ ಕೊಟ್ಟ ಮೇಲೂ ಅವನು ಮಾಡಿಸದಿದ್ದರೆ, ಬಾಡಿಗೆದಾರನು ತಾನೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಕಳೆಯಬಹುದು. ತಾನು ಜೋಡಿಸಿದ ಕಪಾಟು ಮೊದಲಾದುವನ್ನು, ಜಾಗವು ತನ್ನ ವಶದಲ್ಲಿರುವಾಗಲೇ, ಮೊದಲಿದ್ದ ಸ್ಥಿತಿಯಲ್ಲಿ ಜಾಗವನ್ನು ಬಿಡುವಂತೆ ನೋಡಿಕೊಂಡು ಬಿಚ್ಚಿ ಒಯ್ಯಬಹುದು. ಪ್ರತಿಯಾಗಿ, ಬಳಕೆಯ ಸವೆತವನ್ನು ಬಿಟ್ಟರೆ ಜಾಗವನ್ನು ಸುಸ್ಥಿತಿಯಲ್ಲಿ ಇಡುವುದೂ, ಮಾಲೀಕನ ಒಪ್ಪಿಗೆಯಿಲ್ಲದೆ ಶಾಶ್ವತ ಕಟ್ಟಡವನ್ನು ಎಬ್ಬಿಸದಿರುವುದೂ ಅವನ ಕರ್ತವ್ಯ. ಇವೆಲ್ಲ ಕರಾರಿನಲ್ಲಿ ಬೇರೆ ಮಾತು ಇಲ್ಲದಿದ್ದಾಗ ಮಾತ್ರ. ಎಷ್ಟೋ ಕರಾರುಗಳು ಈ ಹಕ್ಕುಗಳನ್ನೇ ಒಂದೊಂದಾಗಿ ಕಿತ್ತುಕೊಂಡಿರುತ್ತವೆ. ಓದದೆ ಸಹಿ ಮಾಡಕೂಡದೆಂದು ಹಿರಿಯರು ಹೇಳುವುದು ಇದಕ್ಕಾಗಿಯೇ.

೬. ಗಡಿಯ ಈಚೆ, ಗಡಿಯ ಆಚೆ

ನಮ್ಮಂಥ ಗಡಿನಾಡಿನವರು ಇನ್ನೊಂದು ಸಂಗತಿಯನ್ನು ಅರಿಯಬೇಕು. ಅತ್ತಿಬೆಲೆಯನ್ನು ದಾಟಿದೊಡನೆ ಬಾಡಿಗೆಯ ಕಾಯಿದೆಯೂ ಬದಲಾಗುವುದು. ತಮಿಳುನಾಡಿನ ೧೯೬೦ರ ಬಾಡಿಗೆ ನಿಯಂತ್ರಣ ಕಾಯಿದೆಯ ಸ್ಥಾನದಲ್ಲಿ ೨೦೧೭ರ ಹೊಸ ಕಾಯಿದೆಯು ೨೦೧೯ರ ಫೆಬ್ರವರಿ ೨೨ರಿಂದ ಜಾರಿಯಲ್ಲಿದೆ. ಹೊಸೂರು ನಗರದಲ್ಲಿ ಅಂಗಡಿಯನ್ನು ಹಿಡಿಯುವವನು ಲಿಖಿತ ಕರಾರನ್ನು ಮಾಡಿಕೊಂಡು ಬಾಡಿಗೆ ಪ್ರಾಧಿಕಾರದಲ್ಲಿ ದಾಖಲಿಸಬೇಕು. ಬೇರೆ ಒಪ್ಪಂದವಿಲ್ಲದಿದ್ದರೆ ಮುಂಗಡವು ಮೂರು ತಿಂಗಳ ಬಾಡಿಗೆಯನ್ನು ಮೀರಕೂಡದೆಂದು ಆ ಕಾಯಿದೆಯು ಹೇಳುತ್ತದೆ.

ಕರ್ನಾಟಕದಲ್ಲಿ ೧೯೬೧ರ ನಿಯಂತ್ರಣ ಕಾಯಿದೆಯು ಹೋಗಿ, ೧೯೯೯ರ ಬಾಡಿಗೆ ಕಾಯಿದೆಯು ೨೦೦೧ರ ಡಿಸೆಂಬರ್ ೩೧ರಿಂದ ಜಾರಿಗೆ ಬಂದಿತು. ವ್ಯಾಪಾರದ ಜಾಗಗಳಲ್ಲಿ ೧೪ ಚದರ ಮೀಟರಿಗಿಂತ, ಎಂದರೆ ಸುಮಾರು ೧೫೦ ಚದರ ಅಡಿಗಿಂತ, ದೊಡ್ಡವು ಈ ಕಾಯಿದೆಯ ವ್ಯಾಪ್ತಿಗೆ ಸೇರುವುದಿಲ್ಲ. ಆದುದರಿಂದ ಬೆಂಗಳೂರಿನಲ್ಲಿ ಸಾಧಾರಣ ಗಾತ್ರದ ಮಳಿಗೆಯನ್ನು ಹಿಡಿದವನಿಗೆ ಬಾಡಿಗೆ ಕಾಯಿದೆಯ ಆಶ್ರಯವಿಲ್ಲ. ಅವನಿಗೆ ಆಶ್ರಯವು ತಾನು ಬರೆಸಿಕೊಂಡ ಕರಾರು ಮತ್ತು ೧೮೮೨ರ ಕಾಯಿದೆ. ಕರಾರನ್ನು ಎಚ್ಚರದಿಂದ ಬರೆಸಬೇಕೆಂದು ನಾವು ಮತ್ತೆ ಮತ್ತೆ ಹೇಳುತ್ತಿರುವುದರ ಕಾರಣವು ಇದೇ.

೭. ಒಪ್ಪುವುದಕ್ಕೆ ಮುಂಚೆ ವಿಚಾರಿಸತಕ್ಕವು

ಬಾಡಿಗೆ ಕೇಳುವವನು ನಿಜವಾಗಿ ಮಾಲೀಕನೇ ಎಂಬುದನ್ನು ಖಾತೆ, ತೆರಿಗೆ ರಸೀದಿಗಳಿಂದ ತಿಳಿಯಬೇಕು. ಕಟ್ಟಡದ ಮೇಲೆ ಸಾಲವಿದೆಯೇ ಎಂಬುದನ್ನು, ಜನರು ಈ.ಸಿ. ಎಂದು ಕರೆಯುವ ಋಣಭಾರ ಪತ್ರದಿಂದ ಅರಿಯಬಹುದು. ಸಾಲಕ್ಕೆ ಅಡವಾದ ಕಟ್ಟಡವು ಬ್ಯಾಂಕಿನ ವಶಕ್ಕೆ ಹೋದರೆ ಬಾಡಿಗೆದಾರನೂ ತೊಂದರೆಗೆ ಸಿಕ್ಕುವನು. ಆ ಜಾಗದಲ್ಲಿ ವ್ಯಾಪಾರ ನಡೆಸಲು ನಗರಾಡಳಿತದ ಪರವಾನಗಿ ದೊರೆಯುವುದೇ ಎಂದು ಕೇಳಬೇಕು. ೨೦೨೫ರ ಸೆಪ್ಟೆಂಬರಿನಿಂದ ಬೆಂಗಳೂರಿನಲ್ಲಿ ಒಂದೇ ಮಹಾನಗರ ಪಾಲಿಕೆಯ ಬದಲು ಐದು ನಗರಪಾಲಿಕೆಗಳು ಇರುವುದರಿಂದ, ಜಾಗವು ಯಾವುದಕ್ಕೆ ಸೇರಿದ್ದೆಂದೂ ಗೊತ್ತುಮಾಡಿಕೊಳ್ಳಬೇಕು. ವಿದ್ಯುತ್ತಿಗೆ ಪ್ರತ್ಯೇಕ ಮೀಟರು ಇದೆಯೇ, ಹಿಂದಿನವನು ಬಾಕಿ ಉಳಿಸಿದ್ದಾನೆಯೇ, ನಿರ್ವಹಣೆಯ ವೆಚ್ಚವು ಬಾಡಿಗೆಯಲ್ಲಿ ಸೇರಿದೆಯೇ ಅಥವಾ ಬೇರೆಯೇ, ಇವನ್ನೂ ವಿಚಾರಿಸತಕ್ಕದ್ದು.

ತೆರಿಗೆಯನ್ನು ಮರೆಯುವಂತಿಲ್ಲ. ವ್ಯಾಪಾರದ ಜಾಗದ ಬಾಡಿಗೆಗೆ ಸರಕು ಮತ್ತು ಸೇವಾ ತೆರಿಗೆ ನೂರಕ್ಕೆ ೧೮. ಮಾಲೀಕನು ಆ ತೆರಿಗೆಗೆ ನೋಂದಾಯಿತನಾಗಿದ್ದರೆ ೨೨,೪೦೦ ರೂಪಾಯಿಯ ಬಾಡಿಗೆಗೆ ೪,೦೩೨ ಸೇರಿ ೨೬,೪೩೨ ರೂಪಾಯಿ ಆಗುವುದು. ಸಾಮಾನ್ಯ ಪದ್ಧತಿಯಲ್ಲಿ ನೋಂದಾಯಿತನಾದ ವ್ಯಾಪಾರಿಯು ತಾನು ಸರ್ಕಾರಕ್ಕೆ ಕಟ್ಟುವ ತೆರಿಗೆಯಲ್ಲಿ ಇದನ್ನು ಸಾಧಾರಣವಾಗಿ ಹೊಂದಿಸಿಕೊಳ್ಳಬಹುದು. ನೋಂದಣಿಯಿಲ್ಲದ ಸಣ್ಣ ವ್ಯಾಪಾರಿಗೆ ಅದು ಪೂರ್ತಿ ಖರ್ಚೇ.

ಕರ್ನಾಟಕದಲ್ಲಿ ಅಂಗಡಿಯ ನಾಮಫಲಕದ ಶೇಕಡ ೬೦ ಭಾಗವು ಕನ್ನಡದಲ್ಲಿರಬೇಕೆಂಬ ನಿಯಮವು ೨೦೨೪ರಿಂದ ಕಾಯಿದೆಯಾಗಿದೆ. ನಮ್ಮ ಶಾಲೆಯಲ್ಲಿ ಓದಿದವರಿಗೆ ಇದನ್ನು ಪಾಲಿಸುವುದು ಕಷ್ಟವಲ್ಲ, ಸಂತೋಷ. ಒಂದೇ ಮೇಜು ಸಾಕಾದವನು ಮಳಿಗೆಯನ್ನೇ ಹಿಡಿಯಬೇಕೆಂದೂ ಇಲ್ಲ. ಹಲವರು ಕೂಡಿ ಬಳಸುವ ಕಚೇರಿಗಳಲ್ಲಿ ತಿಂಗಳ ಶುಲ್ಕ ಕೊಟ್ಟು ಮೇಜನ್ನು ಪಡೆಯಬಹುದು. ಅಲ್ಲಿ ಸಾಮಾನ್ಯವಾಗಿ ದೊರೆಯುವುದು ಲೀಸಿನ ಹಕ್ಕಲ್ಲ, ಬಳಸುವ ಅನುಮತಿ ಮಾತ್ರ. ಆದರೆ ದೊಡ್ಡ ಮುಂಗಡವೂ ಮರಗೆಲಸವೂ ತಪ್ಪುವುವು.

೮. ತಂದೆತಾಯಿಗಳಿಗೆ ಒಂದು ಮಾತು

ಮಗನೋ ಮಗಳೋ ನಗರದಿಂದ ಕರಾರಿನ ಕರಡನ್ನು ತಂದಾಗ, ಹಣವನ್ನು ಕೊಡುವುದಕ್ಕೆ ಮುಂಚೆ ಅದನ್ನು ಮನೆಯ ಜಗಲಿಯ ಮೇಲೆ ಗಟ್ಟಿಯಾಗಿ ಓದಿಸಿರಿ. ಇಂಗ್ಲಿಷಿನಲ್ಲಿದ್ದರೆ ಸಾಲು ಸಾಲಿಗೂ ಕನ್ನಡದಲ್ಲಿ ಅರ್ಥವನ್ನು ಕೇಳಿರಿ. ಅರ್ಥವಾಗದ ಸಾಲಿನ ಪಕ್ಕದಲ್ಲಿ ಗೆರೆ ಎಳೆದು ವಕೀಲರಿಗೆ ತೋರಿಸಿರಿ. ವಕೀಲರ ಶುಲ್ಕವು ಒಂದು ತಿಂಗಳ ದಲ್ಲಾಳಿಗಿಂತ ಎಷ್ಟೋ ಸಲ ಕಡಮೆಯೇ ಆಗಿರುವುದು. "ಈಗಲೇ ಮುಂಗಡ ಕೊಡದಿದ್ದರೆ ಇನ್ನೊಬ್ಬರಿಗೆ ಹೋಗುತ್ತದೆ" ಎಂದು ಅವಸರಪಡಿಸುವವರು ಇರುವರು. ಹೋಗಲಿ. ಬೆಂಗಳೂರಿನಲ್ಲಿ ಮಳಿಗೆಗಳು ಅನೇಕವಿವೆ. ಮನೆಯ ಹೊಲ ಒಂದೇ. ಆತುರಗಾರನಿಗೆ ಬುದ್ಧಿ ಮಟ್ಟವೆಂಬುದನ್ನು ಮರೆಯಬಾರದು.

ವಿದ್ಯಾರ್ಥಿಗಳೇ, ಗಣಿತದ ಶೇಕಡವೂ ಭಾಷಾಪಾಠದ ಓದೂ ಪರೀಕ್ಷೆಗೆ ಮಾತ್ರವಲ್ಲವೆಂಬುದು ಇದರಿಂದ ನಿಮಗೆ ತಿಳಿದಿರಬಹುದು. ಅಳೆಯಬಲ್ಲ ಕೈ, ಎಣಿಸಬಲ್ಲ ಬುದ್ಧಿ, ಓದಿ ಅರ್ಥಮಾಡಿಕೊಳ್ಳಬಲ್ಲ ಕಣ್ಣು ಇವು ಮೂರೂ ಇರುವ ಮಗುವು ತನ್ನ ಮನೆಯ ಆಸ್ತಿಗೆ ಕಾವಲು ಇದ್ದಂತೆ.

ಅಭ್ಯಾಸ

೧. ಒಂದು ಮಳಿಗೆಯ ಸೂಪರ್ ಬಿಲ್ಟ್ ಅಪ್ ಅಳತೆ ೫೦೦ ಚದರ ಅಡಿ. ದರ ಚದರ ಅಡಿಗೆ ೫೪ ರೂಪಾಯಿ. ಒಳಗೆ ಬಳಸುವ ನೆಲ ೩೬೦ ಚದರ ಅಡಿ. ಬಳಸುವ ನೆಲದ ಮೇಲೆ ನಿಜವಾದ ದರವೆಷ್ಟು?

೨. ೧,೮೦,೦೦೦ ರೂಪಾಯಿ ಮುಂಗಡಕ್ಕೆ ನೂರಕ್ಕೆ ೬ರಂತೆ ತಿಂಗಳಿಗೆ ಎಷ್ಟು ಬಡ್ಡಿ ನಷ್ಟವಾಗುವುದು?

೩. ೧೦,೦೦೦ ರೂಪಾಯಿ ಬಾಡಿಗೆಯು ವರ್ಷಕ್ಕೆ ನೂರಕ್ಕೆ ೫ರಂತೆ ಏರಿದರೆ ಮೂರನೆಯ ವರ್ಷದ ತಿಂಗಳ ಬಾಡಿಗೆ ಎಷ್ಟು?

೪. ಹನ್ನೊಂದು ತಿಂಗಳ ಕರಾರಿನ ಒಂದು ಅನುಕೂಲವನ್ನೂ ಒಂದು ಅನನುಕೂಲವನ್ನೂ ಸ್ವಂತ ವಾಕ್ಯಗಳಲ್ಲಿ ಬರೆಯಿರಿ.

೫. ನಿಮ್ಮ ತರಗತಿಯ ಕೊಠಡಿಯನ್ನು ಟೇಪಿನಿಂದ ಅಳೆದು, ಅದರ ಒಳಗಿನ ವಿಸ್ತೀರ್ಣವನ್ನು ಚದರ ಅಡಿಗಳಲ್ಲಿ ಕಂಡುಹಿಡಿಯಿರಿ.

ಉತ್ತರಗಳು: ೧. ೭೫ ರೂಪಾಯಿ. ೨. ೯೦೦ ರೂಪಾಯಿ. ೩. ೧೧,೦೨೫ ರೂಪಾಯಿ.